ಹತ್ತನೆಯ ಬ್ಲೇಡು

ಬೆನಕಪ್ಪನಿಗೆ ಬಲಗಾಲು ಇರಲಿಲ್ಲ, ಮೊಣಕಾಲಿನಿಂದ ಕೆಳಗೆ. ಚನ್ನಗಿರಿಯ ಬಸ್ಸು ರಸ್ತೆಯ ಆಚೆ ನಿಂತಾಗ ಉಚ್ಚಂಗೆಪ್ಪನ ಕಣ್ಣಿಗೆ ಬಿದ್ದದ್ದು ಅದೇ, ಮೊದಲು ಒಂದು ಕೋಲು ಇಳಿಯಿತು, ಆಮೇಲೆ ಇನ್ನೊಂದು ಕೋಲು, ಆಮೇಲೆ ಒಂದೇ ಒಂದು ಚಪ್ಪಲಿ, ಪ್ಯಾಂಟಿನ ಬಲಗಡೆಯನ್ನು ಮೇಲಕ್ಕೆ ಮಡಚಿ ಪಿನ್ನು ಹಾಕಿದ್ದರು, ಕಂಡಕ್ಟರ್ ತೋಳು ಹಿಡಿದು ನಿಧಾನಕ್ಕೆ ಸಾವುಕಾರ್ರೆ ನಿಧಾನಕ್ಕೆ ಅನ್ನುತ್ತಿದ್ದ, ಕಿಟಕಿಗಳಲ್ಲಿ ಸಾಲಾಗಿ ಮುಖಗಳು, ಎಲ್ಲವೂ ಆ ಪಿನ್ನನ್ನೇ ನೋಡುತ್ತಿವೆ — ಬಂದೇಬಿಟ್ಟ, ಒಂದು ದಿನ ಬರುತ್ತಾನೆಂದು ನಾಲ್ಕು ತಿಂಗಳಿಂದ ಗೊತ್ತಿತ್ತು, ಇವತ್ತೇ ಎಂದು ಗೊತ್ತಿದ್ದರೆ ಅಂಗಡಿಯ ಹಲಗೆ ಎಳೆದು ನ್ಯಾಮತಿಗೋ ಎಲ್ಲಿಗೋ ಹೋಗಿಬಿಡಬಹುದಿತ್ತು, ಈಗ ಆಗುವುದಿಲ್ಲ, ಬ್ಲೇಡು ಬಡಿಗಲ್ಲಿನ ಮೇಲೇ ಬಿದ್ದುಕೊಂಡಿದೆ, ಬೆನಕಪ್ಪನ ಫಿಯೆಟ್ಟಿನ ಹಿಂದಿನ ಬಲಗಡೆಯ ಕಮಾನಿನ, ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ, ಮೊದಲನೆಯ ಬ್ಲೇಡು, ಅರ್ಧ ಬ್ಲೇಡು ಅನ್ನಬೇಕು, ಇನ್ನರ್ಧ ಮದರಾಸಿನಾಚೆ ಕಾರು ರೇಸು ನಡೆಯುವ ಆ ಹಳೆಯ ವಿಮಾನ ಪಟ್ಟಿಯ ಹುಲ್ಲಿನಲ್ಲಿ ಎಲ್ಲೋ ಬಿದ್ದಿರಬೇಕು. ಗೋಣಿ ಬಿಚ್ಚಿ ದಿನಕ್ಕೊಮ್ಮೆ ನೋಡದಿದ್ದರೆ ಅನ್ನ ಇಳಿಯುವುದಿಲ್ಲ ಅನ್ನುವ ಹಾಗಾಗಿದೆ, ನೋಡಿದರೂ ಇಳಿಯುವುದಿಲ್ಲ. ಮುರಿದ ಬಾಯಿ ಪೂರ್ತಿ ಬೆಳ್ಳಗೆ, ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿ ಹೊಳೆಯುತ್ತದೆ, ಒಂದು ಮೂಲೆಯಲ್ಲಿ ಮಾತ್ರ ಹುಣಸೆಬೀಜದಷ್ಟು ಕಪ್ಪು. ಬಿಳಿ ಅಂದರೆ ರೇಸಿನ ದಿನ ಮುರಿದದ್ದು. ಕಪ್ಪು ಅಂದರೆ ಅದಕ್ಕೂ ಮೊದಲೇ, ಇದೇ ಕುಲುಮೆಯಲ್ಲಿ, ಬಿರುಕು ಬಿಟ್ಟು ಒಳಕ್ಕೆ ಬೆಂಕಿ ಕುಡಿದದ್ದು — ಇಪ್ಪತ್ತೆರಡು ವರ್ಷ ಲಾರಿ ಬ್ಲೇಡು ಬಡಿದವನಿಗೆ ಇದನ್ನು ಯಾರೂ ಓದಿ ಹೇಳಬೇಕಾಗಿಲ್ಲ.

ಬಸ್ಸು ಹೋಯಿತು, ಧೂಳು ನಿಂತಿತು, ಧೂಳಿನ ಆಚೆ ಎರಡು ಕೋಲಿನ ನಡುವೆ ಅವನು ನಿಂತಿದ್ದಾನೆ, ರಸ್ತೆ ದಾಟಬೇಕು, ಶಿವಮೊಗ್ಗ ಕಡೆಯಿಂದ ಭತ್ತದ ಲಾರಿ ಬರುತ್ತಿದೆ, ಹಿಂದಿನ ಎಡಗಡೆ ಕುಸಿದಿದೆ ಅದರ ಕಮಾನು, ದೂರದಿಂದಲೇ ಗೊತ್ತಾಗುತ್ತದೆ, ಮೂರನೇ ಬ್ಲೇಡು ಕಟ್ಟಾಗಿರಬೇಕು, ನಾಳೆ ನಾಡಿದ್ದು ಇಲ್ಲಿಗೇ ಬರುತ್ತದೆ — ಬೆನಕಪ್ಪ ಮೊದಲ ಸಲ ಬಂದಾಗ ರಸ್ತೆ ದಾಟಿರಲಿಲ್ಲ, ಕಾರನ್ನು ನೇರ ಅಂಗಡಿಯೊಳಕ್ಕೇ ನುಗ್ಗಿಸಿದ್ದ, ಹಳೆಯ ಫಿಯೆಟ್, ಬೂದು ಬಣ್ಣ, ಹಿಂದಿನ ಸೀಟು ಕಿತ್ತುಹಾಕಿದ್ದ, ಅಡಿಕೆ ಮಂಡಿ ಸಾವುಕಾರರ ಮನೆಯ ಹುಡುಗ ಇಪ್ಪತ್ತೆಂಟಾದರೂ ಮದುವೆ ಒಲ್ಲೆ ಅಂತ ಕಾರು ಕಟ್ಟಿಕೊಂಡಿದ್ದಾನೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು, ಅವನು ಇಳಿದವನೇ ಜೇಬಿನಿಂದ ತೆಳ್ಳನೆಯ ಇಂಗ್ಲಿಷ್ ಪುಸ್ತಕ ತೆಗೆದ, ಇದು ಮದರಾಸಿನ ರೇಸಿನ ರೂಲ್ ಬುಕ್ಕು ಉಚ್ಚಂಗೆಪ್ಪ, ಇದರಾಗೆ ಏನೈತೋ ಅದನ್ನ ಮೀರಂಗಿಲ್ಲ, ಮೀರಿದ್ರೆ ಗೇಟಿನಲ್ಲೇ ವಾಪಸ್ ಕಳಿಸ್ತಾರೆ ಅಂದ. ಉಚ್ಚಂಗೆಪ್ಪನಿಗೆ ಕನ್ನಡವೇ ಓದಲು ಬಾರದು. ಓದಿದ್ದು ಚಿಕ್ಕಹನುಮಂತಪ್ಪ, ಹೆಂಡತಿ ಗಿಡ್ಡಮ್ಮನ ತಮ್ಮ, ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಇಂಗ್ಲಿಷಿನಲ್ಲೇ ಹೋಗಿ ಭಾವನ ಜೊತೆ ಸುತ್ತಿಗೆ ಹಿಡಿದು ಆರು ವರ್ಷವಾದವನು, ಅವನು ಪುಸ್ತಕ ಇಸಿದುಕೊಂಡು ಅಕ್ಷರ ಅಕ್ಷರ ಬೆರಳಿಟ್ಟು ಓದಿದ, ಬೆನಕಪ್ಪ ಅರ್ಥ ಹೇಳಿದ — ಕಮಾನಿಗೆ ಕಂಪನಿ ಎಷ್ಟು ಬ್ಲೇಡು ಕೊಟ್ಟೈತೋ ಅಷ್ಟೇ ಇರಬೇಕು, ಈ ಕಡೆ ಐದು ಆ ಕಡೆ ಐದು, ಒಂದು ತೆಗಿಯಂಗಿಲ್ಲ ಒಂದು ಹಾಕಂಗಿಲ್ಲ, ಮುಂದಿನ ಸುರುಳಿ ಸ್ಪ್ರಿಂಗಿನ ಸುತ್ತು ಕತ್ತರಿಸಂಗಿಲ್ಲ, ಕಾರಿನ ಹೊಟ್ಟೆ ಕೆಳಗೆ ನಾಲ್ಕು ಅಂಗುಲದ ಮರದ ತುಂಡು ಎಲ್ಲೂ ತಾಗದಂಗೆ ಹಾಯಬೇಕು, ಡ್ರೈವರು ಒಳಗೆ ಕೂತಿರಬೇಕು. ಅಷ್ಟರೊಳಗೆ ಎಷ್ಟು ಕೆಳಗೆ ಇಳಿಸ್ತೀಯೋ ಎಷ್ಟು ಬಿಗಿ ಮಾಡ್ತೀಯೋ ನಿನ್ನ ಕೈಚಳಕ. ಅಲ್ಲಾ ಸಾವುಕಾರ್ರೆ, ನೀವು ದಿನಾ ಬಂದು ಕೂರ್ತೀರಾ ಒಳಗೆ ಅಂತ ಚಿಕ್ಕಹನುಮಂತಪ್ಪ ಕೇಳಿದ. ಮಾರನೆಯ ದಿನ ಮಂಡಿಯಿಂದ ಒಂದು ಚೀಲ ಅಡಿಕೆ ಬಂತು, ಬೆನಕಪ್ಪ ತನ್ನದೇ ತಕ್ಕಡಿಯಲ್ಲಿ ತಾನು ಕೂತು ತೂಗಿಸಿಕೊಂಡು ಅಷ್ಟೇ ತೂಕಕ್ಕೆ ಕಟ್ಟಿಸಿ ಕಳಿಸಿದ್ದು, ಅರವತ್ತನಾಲ್ಕು ಕಿಲೋ. ಹನ್ನೊಂದು ದಿನ ಆ ಚೀಲ ಡ್ರೈವರ್ ಸೀಟಿನಲ್ಲಿ ಕೂತಿತ್ತು, ಚಿಕ್ಕಹನುಮಂತಪ್ಪ ಅದಕ್ಕೆ ಟವಲು ಸುತ್ತಿ ಬೀಡಿ ಸಿಕ್ಕಿಸಿ ಸಾವುಕಾರ್ರೇ ಅಂತಲೇ ಕರೆಯುತ್ತಿದ್ದ, ಸಾವುಕಾರ್ರೇ ಒಸಿ ಅಲ್ಲಾಡಬ್ಯಾಡ್ರಿ ಬೋಲ್ಟು ಬಿಗೀತಿದೀನಿ, ಸಾವುಕಾರ್ರೇ ಮದುವೆ ಯಾವಾಗ್ರಿ, ಗಿಡ್ಡಮ್ಮ ಒಳಗಿನಿಂದ ಅದಕ್ಕೂ ಊಟಕ್ಕೆ ಬಡಿಸಲೇನೋ ಅಂತ ಕೇಳುತ್ತಿದ್ದಳು, ನಗುತ್ತಿದ್ದಳು ಆಗ, ಹಲ್ಲು ಕಾಣುವ ಹಾಗೆ. ಈಗ ಆ ಚೀಲದಿಂದ ಎಷ್ಟು ಅಡಿಕೆ ತೆಗೆಯಬೇಕು, ಮೊಣಕಾಲಿನಿಂದ ಕೆಳಗೆ ಎಷ್ಟು ತೂಗುತ್ತದೆ ಒಂದು ಕಾಲು, ಮೂರು ಕಿಲೋ, ನಾಲ್ಕು, ಥೂ ಇದೆಂಥ ಯೋಚನೆ, ಭತ್ತದ ಲಾರಿ ಹೋಯಿತು, ಅವನು ರಸ್ತೆಗೆ ಕೋಲು ಊರಿದ.

ಟಕ್ ಟಕ್, ನಡುವೆ ಚಪ್ಪಲಿ ಎಳೆಯುವ ಸದ್ದು, ಟಕ್ ಟಕ್, ಡಾಂಬರಿನ ಮೇಲೆ ಕೋಲಿನ ರಬ್ಬರು ಜಾರುತ್ತದೆ, ಅವನು ರಸ್ತೆಯನ್ನೇ ನೋಡುತ್ತ ಬರುತ್ತಿದ್ದಾನೆ, ಹಿಂದೆ ಅವನು ರಸ್ತೆಯನ್ನು ಹೀಗೆ ನೋಡುತ್ತಿರಲಿಲ್ಲ, ಜಗಳೂರು ರಸ್ತೆಯಲ್ಲಿ ಬಿಳಿಚೋಡು ದಾಟಿದ ಮೇಲೆ ಮರವೂ ಇಲ್ಲ ಮನೆಯೂ ಇಲ್ಲ, ಅಲ್ಲೇ ಓಡಿಸಿ ನೋಡುತ್ತಿದ್ದದ್ದು, ಒಂದು ತಿರುವಿತ್ತು ಕುರಿಹಟ್ಟಿಯ ಪಕ್ಕ, ಕುರಿ ಕಾಯುವವರು ಕಂಬಳಿ ಹೊದ್ದು ಸಾಲಾಗಿ ಕೂತು ನೋಡುತ್ತಿದ್ದರು, ಅದೇನ್ರಪ್ಪ ಅಲ್ಲೇ ಹೋಗ್ತೀರಿ ಅಲ್ಲೇ ಬರ್ತೀರಿ, ಊರಿನ ದಾರಿ ತಪ್ಪೈತೇನು ಅಂತ ಒಬ್ಬ ಮುದುಕ ಕೇಳಿದ್ದ. ಕಾರು ತಿರುಗಿದಾಗ ಎಷ್ಟು ವಾಲುತ್ತದೆ ನೋಡಬೇಕಲ್ಲ, ಅದಕ್ಕೆ ಚಿಕ್ಕಹನುಮಂತಪ್ಪ ಆ ಮುದುಕನ ಎಲೆಯಡಿಕೆ ಚೀಲದಿಂದಲೇ ಸುಣ್ಣ ಇಸಿದುಕೊಂಡು ಟೈರಿನ ಅಂಚಿಗೆ ಬೆರಳಿನಿಂದ ಬಳಿದ, ತಿರುವು ಹೊಡೆದು ಬಂದ ಮೇಲೆ ಸುಣ್ಣ ಎಲ್ಲಿಯವರೆಗೆ ಅಳಿಸಿದೆ ನೋಡಿದರೆ ಟೈರು ಎಷ್ಟು ಮಗುಚಿಕೊಂಡಿದೆ ಗೊತ್ತಾಗುತ್ತದೆ, ಅದು ಅವನದೇ ಬುದ್ಧಿ, ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಮೊದಲ ದಿನ ಮೂರು ಬೆರಳು ಅಗಲ ಅಳಿಸಿತ್ತು, ಬೆನಕಪ್ಪ ಇಳಿದು ಬಂದು ಬಾಲ ಎಳೀತೈತೆ ಉಚ್ಚಂಗೆಪ್ಪ, ಎತ್ತಿನ ಗಾಡಿ ತಿರುಗಿಸಿದಂಗೆ ಆಗ್ತೈತೆ ಅಂದ, ಮುಂದಕ್ಕೆ ಜೀಪಿನ ಶಾಕ್ ಅಬ್ಸಾರ್ಬರ್ ಕಟ್ಟಿದರು, ಅದಕ್ಕೆ ರೂಲು ಅಡ್ಡ ಬರುತ್ತಿರಲಿಲ್ಲ, ಎರಡು ಬೆರಳಿಗೆ ಬಂತು, ಅಲ್ಲಿಗೆ ನಿಂತಿತು. ಹಿಂದುಗಡೆ ಎರಡು ಅಂಗುಲ ಇಳಿಯಲೇಬೇಕು, ಬ್ಲೇಡು ತೆಗೆದರೆ ಇಳಿಯುತ್ತದೆ, ತೆಗೆಯುವ ಹಾಗಿಲ್ಲ, ತೆಗೆದರೆ ಮೆತ್ತಗೂ ಆಗುತ್ತದೆ, ಉಳಿದದ್ದು ಒಂದೇ ದಾರಿ, ಹತ್ತೂ ಬ್ಲೇಡು ಬಿಚ್ಚಿ ಕುಲುಮೆಗೆ ಹಾಕಿ ಕಾಯಿಸಿ ಬಾಗು ತೆಗೆದು ಮತ್ತೆ ಹದ ಹಾಕುವುದು. ಅದನ್ನು ಹೇಳಿದ್ದು ಉಚ್ಚಂಗೆಪ್ಪನೇ. ಬೆನಕಪ್ಪ ಕೇಳಿರಲಿಲ್ಲ, ಆಗುತ್ತಾ ಅಂತಲೂ ಕೇಳಿರಲಿಲ್ಲ, ಇವನೇ ಎದೆ ತಟ್ಟಿ ಹೇಳಿದ್ದು, ಸಾವುಕಾರ್ರೆ, ಲಾರಿ ಬ್ಲೇಡು ಬಡಿದಂಗೆ ಬಡಿತೀನಿ, ಎಣಿಸಿದ್ರೆ ಐದೇ ಇರ್ತವೆ, ಯಾವನೂ ಕೈ ತೋರಿಸಂಗಿಲ್ಲ.

ಹತ್ತರಲ್ಲಿ ಒಂಬತ್ತು ಸರಿಯಾಗಿಯೇ ಆದವು. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬಾಗು ಬರೆದುಕೊಂಡು, ಚಿಕ್ಕಹನುಮಂತಪ್ಪ ಗಾಳಿಚಕ್ರ ತಿರುಗಿಸುತ್ತ, ಬ್ಲೇಡು ಕೆಂಪಾಗಿ ಕಿತ್ತಳೆಯಾಗಿ, ಇಕ್ಕಳದಲ್ಲಿ ಎತ್ತಿ ಬಡಿದು ಗೆರೆಗೆ ಕೂರಿಸಿ, ಮತ್ತೆ ಕಾಯಿಸಿ, ಪೀಪಾಯಿಯಲ್ಲಿ ಸುಟ್ಟ ಎಂಜಿನ್ ಎಣ್ಣೆಗೆ ಇಳಿಸುವುದು, ಬುಸ್ ಅಂತ ಹೊಗೆ, ಎಣ್ಣೆ ನಿಧಾನಕ್ಕೆ ತಣಿಸುತ್ತದೆ, ನೀರಿನಂಥದ್ದು ಥಟ್ಟನೆ ತಣಿಸಿ ಒಡೆಯುತ್ತದೆ, ಅದಕ್ಕೇ ಎಣ್ಣೆ. ಅಂಗಡಿಯಲ್ಲಿ ಇದ್ದದ್ದು ಒಂದೇ ರೂಲು, ಕುಡುಗೋಲಿಗೆ ಚೊಗರು, ಬ್ಲೇಡಿಗೆ ಎಣ್ಣೆ. ಚೊಗರು ಅಂದರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಪ್ಪು ರಸ, ಅಪ್ಪ ಮಾರಪ್ಪ ಸುಗ್ಗಿಯಲ್ಲಿ ಚನ್ನಗಿರಿಯ ಸಾವುಕಾರರ ಮನೆಗಳಲ್ಲಿ ಹಂಡೆಯ ಉರಿ ನೋಡುತ್ತಿದ್ದ, ಡಬ್ಬಿಯಲ್ಲಿ ತಂದು ನ್ಯಾಮತಿಯ ಕಮ್ಮಾರನಿಗೆ ಕೊಡುತ್ತಿದ್ದ, ಅದರಲ್ಲಿ ಅದ್ದಿದ ಕುಡುಗೋಲು ಒಂದು ಸುಗ್ಗಿ ಪೂರ್ತಿ ಮಸೆಯುವುದು ಬೇಡ ಅಂತ ಸಂತೇಬೆನ್ನೂರು ಸಂತೆಯವರೆಗೂ ಹೆಸರಿತ್ತು, ಮೂಲೆಯಲ್ಲಿ ಅದರ ಮಡಕೆ ಈಗಲೂ ಇದೆ. ಒಂಬತ್ತನೆಯ ಬ್ಲೇಡು ಇಳಿಸಿದಾಗ ಎಣ್ಣೆ ಹೊತ್ತಿಕೊಂಡಿತು. ಒಂದೇ ಸಮನೆ ಬಿಸಿ ಬಿಸಿ ಕಬ್ಬಿಣ ಕುಡಿದು ಪೀಪಾಯಿ ಕಾದಿತ್ತು, ಮೊದಲೇ ತಿಳಿಯಬೇಕಿತ್ತು, ಆಳೆತ್ತರ ಉರಿ ಎದ್ದಿತು, ಚಿಕ್ಕಹನುಮಂತಪ್ಪ ಒದ್ದೆ ಗೋಣಿ ಎಸೆದು ಆರಿಸಿದ, ಹುಬ್ಬು ಸುಟ್ಟುಕೊಂಡು ನಕ್ಕ, ಭಾವ ನೋಡ್ರಿ ನನಗೂ ಹದ ಹಾಕ್ದಂಗಾತು ಅಂತ. ಹತ್ತನೆಯದು ಕುಲುಮೆಯಲ್ಲಿ ಕಿತ್ತಳೆಯಾಗಿ ಕಾಯುತ್ತಿತ್ತು, ಬಲಗಡೆಯ ಮೊದಲನೆಯ ಬ್ಲೇಡು, ಉಳಿದ ನಾಲ್ಕೂ ಅದರ ಬೆನ್ನಿಗೇ ಜೋತುಬೀಳುವುದು, ಹಿಂದಿನ ಗಾಲಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಅದೇ. ಎಣ್ಣೆ ತಣಿಯಲು ಸಂಜೆಯಾಗುತ್ತದೆ. ಬೆಂಕಿಯಲ್ಲೇ ಬಿಟ್ಟರೆ ಬ್ಲೇಡು ಸುಡುತ್ತದೆ, ತೆಗೆದು ಆರಿಸಿ ಮತ್ತೆ ಕಾಯಿಸಬಹುದಿತ್ತು, ಆಗುತ್ತಿತ್ತು, ಒಂದು ದಿನ ತಡವಾಗುತ್ತಿತ್ತು ಅಷ್ಟೇ, ಬೆನಕಪ್ಪ ಸಂಜೆಗೆ ಬರುತ್ತಾನೆ ನಾಳೆ ಹೊರಡುತ್ತಾನೆ ಅಂತ ಆವತ್ತಿನ ನೆವ, ಆದರೆ ನಿಜ ಅದಲ್ಲ, ನಾಲ್ಕು ತಿಂಗಳು ಕೆದಕಿ ಕೆದಕಿ ನೋಡಿದರೆ ಅಡಿಯಲ್ಲಿ ಇರುವುದು ಬೇರೆ — ಇನ್ನಷ್ಟು ಗಟ್ಟಿಯಾಗಲಿ ಅಂತ ಇತ್ತು ಮನಸ್ಸಿನಲ್ಲಿ, ಮದರಾಸಿನವರು ನೋಡಲಿ ಅಂತ, ಅಪ್ಪನ ಚೊಗರು ಏನು ಅಂತ. ಮಡಕೆಗೆ ಇಳಿಸಿದ. ಸುಯ್ ಅಂತು, ಹಬೆ ಎದ್ದಿತು, ಹಬೆಯೊಳಗಿನಿಂದ ಟಿಣ್ ಅಂತ ಒಂದು ಸದ್ದು. ಸಣ್ಣದು. ಬಳೆ ಒಡೆದ ಹಾಗೆ. ಅದೇನ್ ಭಾವ ಸದ್ದು ಅಂತ ಚಿಕ್ಕಹನುಮಂತಪ್ಪ ಕೇಳಿದ, ಗಾಳಿಚಕ್ರ ನಿಲ್ಲಿಸಿ ಕೇಳಿದ. ಇಕ್ಕಳ ಕಣೋ, ತಿರುಗಿಸು ನೀನು. ಹದಕ್ಕೆ ಮತ್ತೆ ಹತ್ತೂ ಬ್ಲೇಡನ್ನು ಸಣ್ಣ ಉರಿಯಲ್ಲಿ ಕಾಯಿಸಿ ಆರಿಸಿದ ಮೇಲೆ ಒಂದೊಂದನ್ನೇ ದಾರಕ್ಕೆ ಕಟ್ಟಿ ತೂಗುಬಿಟ್ಟು ಸುತ್ತಿಗೆಯಿಂದ ತಟ್ಟಿ ಕೇಳುವುದು ವಾಡಿಕೆ, ಗಂಟೆಯ ಹಾಗೆ ನಾದ ಬಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ಒಡೆದಿದೆ ಅಂತ. ಒಂಬತ್ತು ತಟ್ಟಿದ. ಹತ್ತನೆಯದನ್ನು ತಟ್ಟಲಿಲ್ಲ. ಕೈಗೆ ತೆಗೆದುಕೊಂಡು ಒರೆಸಿ ಎಣ್ಣೆ ಹಚ್ಚಿ ಕಮಾನಿಗೆ ಜೋಡಿಸಿದ. ಅವರ ಪುಸ್ತಕದ ರೂಲು ಒಂದೂ ಮುರಿಯಲಿಲ್ಲ, ಅಲ್ಲಿ ತಪಾಸಣೆಯವನು ಕಾರಿನಡಿ ಮಲಗಿ ಬೆರಳು ಮಡಚಿ ಈ ಕಡೆ ಐದು ಆ ಕಡೆ ಐದು ಅಂತ ಎಣಿಸಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಸರಿ ಗುರುತು ಹಾಕಿದನಂತೆ, ನುಜ್ಜುಗುಜ್ಜಾದ ಕಾರನ್ನು ಚನ್ನಗಿರಿಗೆ ತಂದು ಹಾಕಿದಾಗ ಆ ಗುರುತು ಹಾಗೇ ಇತ್ತು, ಬಾಗಿಲು ಮಡಚಿ ಹೋಗಿತ್ತು, ಗುರುತು ಅಳಿಸಿರಲಿಲ್ಲ.

ಉಚ್ಚಂಗೆಪ್ಪ. ಬೆನಕಪ್ಪ ಕರೆಯುತ್ತಿದ್ದಾನೆ, ಬಾಗಿಲಿಗೆ ಬಂದಿದ್ದಾನೆ, ಬೆವರು ಇಳಿಯುತ್ತಿದೆ, ಹಣೆಯಲ್ಲಿ ವಿಭೂತಿ ಕರಗಿದೆ, ಕೂರಾಕೆ ಏನಾದ್ರೂ ಐತೇನಪ್ಪ. ಉಚ್ಚಂಗೆಪ್ಪ ಲಾರಿಯ ಹಳೆಯ ಸೀಟನ್ನು ಎಳೆದು ಹಾಕಿದ, ಕೋಲುಗಳನ್ನು ಗೋಡೆಗೆ ಒರಗಿಸಲು ಹೋದರೆ ಒಂದು ಜಾರಿ ಬಿತ್ತು, ಎತ್ತಿದ, ಮತ್ತೆ ಬಿತ್ತು. ಬಿಡು, ಅದು ಹಂಗೇ, ನಿಲ್ಲೋದು ಕಲ್ತಿಲ್ಲ ಇನ್ನೂ ಅಂದ ಬೆನಕಪ್ಪ, ನಗು ಬರುವ ಮಾತಾಗಿತ್ತು, ಯಾರೂ ನಗಲಿಲ್ಲ. ಅಂಗಡಿಯ ಹಿಂದೆಯೇ ಮನೆ, ಗಿಡ್ಡಮ್ಮ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಮೊರ, ಇವಳು ಯಾಕೆ ಬಂದಳು ಈಗ, ಒಳಗೆ ಹೋಗೇ ಅನ್ನಲು ಬಾಯಿ ಬರುವುದಿಲ್ಲ. ಬಂದ್ರಾ ಸಾವುಕಾರ್ರೆ, ಬಸ್ಸಲ್ಲಿ ಬಂದ್ರಾ, ಕಾರು ತರಲಿಲ್ವಾ ಅಂದಳು ಅವಳು. ಕುಡಿಯಾಕೆ ನೀರು ಬೇಕೇನ್ರಿ? ಹೊಳೆ ಇಲ್ಲೇ ಐತೆ, ತುಂಬಿ ಹರಿತೈತೆ, ನಡಕೊಂಡು ಹೋಗಿ ಕುಡೀರಿ. ಗಿಡ್ಡೀ ಅಂದ ಉಚ್ಚಂಗೆಪ್ಪ. ಏನ್ ಗಿಡ್ಡಿ? ಒಂದು ಕಾಲಾದ್ರೂ ಉಳೀತಲ್ಲ ಇವರಿಗೆ, ನನ್ನ ತಮ್ಮನ್ನ ಚಾಪೆ ಸುತ್ತಿ ತಂದ್ರು, ಮುಖ ತೋರಿಸಲಿಲ್ಲ ನನಗೆ, ತೋರಿಸಂಗಿಲ್ಲ ಅಂದ್ರು, ಹುಚ್ಚು ಓಟ ಓಡಾಕೆ ಹೋಗಿ. ಅನ್ನಲಿ ಬಿಡು, ಅವಳು ಅನ್ನದೆ ಯಾರು ಅಂತಾರೆ ಅಂದ ಬೆನಕಪ್ಪ, ಊರಾಗೂ ಎಲ್ಲಾ ಅದೇ ಅಂತಾರೆ, ಹಿಂದೆ ಅಂತಾರೆ, ಇವಳು ಮುಂದೆ ಅಂತಾಳೆ. ಊರಿನಲ್ಲಿ ಎಲ್ಲರೂ ಅನ್ನುವುದು ಹೌದು, ಸಾವುಕಾರನ ಮಗ ಕಣ್ಣುಮುಚ್ಚಿ ಓಡಿಸಿ ಪಾಪದವನನ್ನು ಕೊಂದ ಅಂತ, ಚಾದಂಗಡಿಯಲ್ಲಿ ಅನ್ನುವಾಗ ಉಚ್ಚಂಗೆಪ್ಪನೂ ಅಲ್ಲೇ ಕೂತಿರುತ್ತಾನೆ, ಲೋಟದಲ್ಲಿ ಊದುತ್ತ ಕೂತಿರುತ್ತಾನೆ, ಉಚ್ಚಂಗೆಪ್ಪಂದು ಏನೂ ತಪ್ಪಿಲ್ಲ ಬಿಡ್ರಪ್ಪ, ಅವನ ಕೆಲಸ ಪಕ್ಕಾ ಅಂತ ಯಾರೋ ಹೇಳುತ್ತಾರೆ, ಚಹಾ ಆರಿಹೋಗಿರುತ್ತದೆ, ಆದರೂ ಊದುತ್ತಾನೆ.

ಒಂದು ಕೇಳಾಕೆ ಬಂದೆ ಅಂದ ಬೆನಕಪ್ಪ. ಕೇಳಿದ್ದಕ್ಕೆ ಹೇಳು, ನನ್ನ ಸಮಾಧಾನಕ್ಕೆ ಅಂತ ಹೇಳಬ್ಯಾಡ. ಎಂಟನೇ ಸುತ್ತು ಅದು, ಬಲಕ್ಕೆ ತಿರುವು, ಚಿಕ್ಕಹನುಮಂತಪ್ಪ ಹುಲ್ಲಿನ ಪೆಂಡಿ ಹಿಂದೆ ಹಲಗೆ ಹಿಡಕೊಂಡು ನಿಂತಿದ್ದ, ಇನ್ನೆಷ್ಟು ಸುತ್ತು ಅಂತ ಬರೆದು ತೋರಿಸಾಕೆ, ಹಲಗೆ ಮೇಲೆ ಎರಡು ಅಂತ ಬರೆದಿದ್ದ, ಅಷ್ಟು ಸ್ಪಷ್ಟ ಕಾಣ್ತು ನನಗೆ, ಆಮೇಲೆ ಹಿಂದಿಂದ ಒಂದು ಸದ್ದು ಬಂತು ಉಚ್ಚಂಗೆಪ್ಪ, ಸಣ್ಣದು, ಟಿಣ್ ಅಂದಂಗೆ. ಆಮೇಲೆ ಕಾರು ನನ್ನ ಮಾತು ಕೇಳಲಿಲ್ಲ. ಇಲ್ಲಾ ನಾನು ಮೊದಲು ಹೆಚ್ಚು ತಿರುಗಿಸಿದೆನೋ, ಕಾರು ಜಾರಿ ಪೆಂಡಿಗೆ ಬಡಿದಾಗ ಆ ಸದ್ದು ಬಂತೋ, ಆಸ್ಪತ್ರೇಲಿ ಮಲಗಿ ದಿನಾ ಅದನ್ನೇ ಹಿಂದೆ ಮುಂದೆ ಮಾಡಿದೆ, ಒಂದಿನ ಸದ್ದು ಮೊದಲು ಅನ್ನಿಸ್ತೈತೆ, ಒಂದಿನ ತಿರುಗಿಸಿದ್ದು ಮೊದಲು ಅನ್ನಿಸ್ತೈತೆ. ಬ್ಲೇಡು ನೀನು ಬಿಚ್ಕೊಂಡು ಹೋದೆಯಂತೆ. ಮುರಿದದ್ದು ನೋಡಿದ್ರೆ ನಿನಗೆ ತಿಳೀತೈತೆ, ಮೊದಲು ಮುರೀತೋ ಬಡಿದಾಗ ಮುರೀತೋ. ಮೊದಲು ಮುರಿದಿದ್ರೆ ನಾನು ಅವನನ್ನ ಕೊಂದಿಲ್ಲ. ಬಡಿದಾಗ ಮುರಿದಿದ್ರೆ ನಾನೇ ಕೊಂದದ್ದು. ಯಾವುದಾದ್ರೂ ಆಗ್ಲಿ, ಒಂದು ಹೇಳು, ಎರಡರ ಮಧ್ಯೆ ಇರಾಕೆ ಆಗ್ತಿಲ್ಲ ನನಗೆ. ಬಾಗಿಲಲ್ಲಿ ಗಿಡ್ಡಮ್ಮ ಮೊರವನ್ನು ಸೊಂಟಕ್ಕೆ ಒತ್ತಿಕೊಂಡು ಕೇಳುತ್ತಿದ್ದಾಳೆ, ಅವಳೂ ಕಾಯುತ್ತಿದ್ದಾಳೆ, ಟಿಣ್ — ಕುಲುಮೆಯ ಮುಂದೆ ಚಿಕ್ಕಹನುಮಂತಪ್ಪನಿಗೂ ಕೇಳಿಸಿತ್ತು, ಅಲ್ಲಿ ಬೆನಕಪ್ಪನಿಗೂ ಕೇಳಿಸಿತು, ಅದೇನ್ ಭಾವ ಸದ್ದು, ಆರು ವರ್ಷ ಕುಲುಮೆಯ ಮುಂದೆ ನಿಂತವನಿಗೆ ಇಕ್ಕಳದ ಸದ್ದು ಗೊತ್ತಿರಲಿಲ್ಲವೇ, ಗೊತ್ತಿತ್ತು, ಭಾವ ಹೇಳಿದ ಮೇಲೆ ಮುಗಿಯಿತು ಅಂತ ಸುಮ್ಮನಾದ, ಅದೇ ಬ್ಲೇಡಿನ ಕಾರಿನಲ್ಲಿ ಕೂತು ಹೋದ, ಹೋಗಬೇಕಾದವನು ಉಚ್ಚಂಗೆಪ್ಪ, ಭಾವ ನಾನು ಹೋಗಿಬರ್ತೀನಿ, ಸಮುದ್ರ ನೋಡಿಲ್ಲ ನಾನು ಅಂತ ಅವನೇ ಗೋಗರೆದ, ಹೋಗು ಅಂದೆನಲ್ಲ, ಯಾಕೆ ಅಂದೆ, ಲಾರಿ ಕೆಲಸ ಬಿದ್ದಿತ್ತು ಅಂತಲೋ, ಅಥವಾ ಆ ಕಾರಿನ ಹತ್ತಿರ ನಿಲ್ಲಲು ಆಗುತ್ತಿರಲಿಲ್ಲವೋ. ಈಗ ಹೇಳಿಬಿಡಬಹುದು. ಮೂರು ಮಾತು. ಚೊಗರಿಗೆ ಹಾಕಿದೆ ಸಾವುಕಾರ್ರೆ. ಅಷ್ಟು ಅಂದರೆ ಈ ಮನುಷ್ಯ ಎದ್ದು ಹೋಗುತ್ತಾನೆ, ಒಂದೇ ಕಾಲಿನಲ್ಲಿ ಹೋದರೂ ಹಗುರವಾಗಿ ಹೋಗುತ್ತಾನೆ, ಗಿಡ್ಡಮ್ಮನ ಕೈಯಿಂದ ಮೊರ ಬೀಳುತ್ತದೆ, ಆಮೇಲೆ ಈ ಮನೆಯಲ್ಲಿ ಇಬ್ಬರು ಹೇಗೆ ಇರುವುದು, ಅವಳು ಬಡಿಸಿದ್ದನ್ನು ಹೇಗೆ ತಿನ್ನುವುದು, ಬಡಿಸುತ್ತಾಳೆಯೇ.

ಬ್ಲೇಡು ಬಡಿಗಲ್ಲಿನ ಮೇಲೇ ಇತ್ತು. ಬೆನಕಪ್ಪ ತಾನೇ ಬಾಗಿ ಎತ್ತಿಕೊಂಡ, ಇದೇ ಅಲ್ವಾ. ತೊಡೆಯ ಮೇಲೆ ಇಟ್ಟುಕೊಂಡು ಮುರಿದ ಬಾಯಿಯನ್ನು ಬೆಳಕಿಗೆ ತಿರುಗಿಸಿದ, ಬಿಳಿ ಹರಳು ಹೊಳೆಯಿತು, ಹೆಬ್ಬೆರಳು ನಿಧಾನಕ್ಕೆ ಹೋಗಿ ಮೂಲೆಯಲ್ಲಿ ನಿಂತಿತು. ಇದೇನು ಇಲ್ಲಿ ಕಪ್ಪಗೆ. ಮಸಿ ಸಾವುಕಾರ್ರೆ, ಕುಲುಮೆ ಅಲ್ವಾ. ಉಜ್ಜಿದ, ಉಗುರಿನಿಂದ ಕೆರೆದ, ಪಂಚೆಯಂಚಿಗೆ ಒರೆಸುವ ಅಭ್ಯಾಸದಿಂದ ಪ್ಯಾಂಟಿನ ಮಡಚಿದ ತುದಿಗೆ ಒರೆಸಿ ನೋಡಿದ, ಉಜ್ಜಿದ್ರೂ ಹೋಗ್ತಿಲ್ವಲ್ಲ. ಹಳೇ ಮಸಿ ಅಂದ ಉಚ್ಚಂಗೆಪ್ಪ. ತನ್ನ ದನಿ ಎಷ್ಟು ಸಲೀಸಾಗಿ ಬಂತು ಅಂತ ತನಗೇ ಕೇಳಿಸಿತು, ಲಾರಿ ಡ್ರೈವರಿಗೆ ಸಂಜೆ ಬಾ ಅಂತ ಹೇಳುವ ದನಿ, ಬೆಳ್ಳಗೆ ಹೊಳಿತೈತಲ್ಲ, ಒಂದೇ ಏಟಿಗೆ ಮುರಿದದ್ದು ಹಂಗೇ ಇರ್ತೈತೆ, ಬಡಿದಾಗ ಮುರಿದದ್ದು ಸಾವುಕಾರ್ರೆ. ಬೆನಕಪ್ಪ ತಲೆಯಾಡಿಸಿದ, ಒಮ್ಮೆ, ಎರಡು ಸಲ, ಬ್ಲೇಡನ್ನು ಎರಡೂ ಕೈಯಲ್ಲಿ ತಿರುಗಿ ಕೊಟ್ಟ. ಆತು ಬಿಡು. ಒಂದು ತಿಳೀತಲ್ಲ. ಬಾಗಿಲ ಕಡೆ ತಿರುಗಿ ಕೇಳ್ದೆಯಲ್ಲಮ್ಮ, ನಾನೇ ಅಂದ. ಗಿಡ್ಡಮ್ಮ ಒಳಗೆ ಹೋದಳು, ಹೋದವಳು ಅಳಬೇಕಿತ್ತು, ಬಾಗಿಲು ಬಡಿಯಬೇಕಿತ್ತು, ಚೊಂಬಿನಲ್ಲಿ ನೀರು ಹಿಡಿದು ಬಂದಳು, ನಾನೇ ಅಂತ ಬಾಯಿಬಿಟ್ಟು ಅಂದ್ರಲ್ಲ, ಕುಡೀರಿ ಅಂದಳು. ಅವನು ಕುಡಿದ, ಗಂಟಲು ಮೇಲೆ ಕೆಳಗೆ ಹೋಯಿತು, ಗಲ್ಲದಿಂದ ಇಳಿದ ನೀರನ್ನು ಒರೆಸಿಕೊಳ್ಳುತ್ತ ಹೇಳಿದ, ಸಮುದ್ರ ತೋರಿಸಿದ್ದೆ ಅವನಿಗೆ ಹಿಂದಿನ ದಿನ, ನೋಡಿದ್ದೇ ನೋಡಿದ್ದು, ಕೊನೆಗೆ ಕೈಯಲ್ಲಿ ತಗೊಂಡು ಬಾಯಿಗೆ ಹಾಕ್ಕೊಂಡು ಉಗುಳಿ, ಇಷ್ಟು ನೀರಿಟ್ಟು ಒಂದು ಗುಟುಕು ಕುಡಿಯಾಕೆ ಬರಂಗಿಲ್ಲ, ಯಾವನ್ರಿ ಇದರ ಮೇಸ್ತ್ರಿ ಅಂದ. ಗಿಡ್ಡಮ್ಮನ ಬಾಯಿಂದ ಫಕ್ಕನೆ ಏನೋ ಬಂತು, ನಗುವೋ ಮತ್ತೊಂದೋ, ಸೆರಗಿನಲ್ಲಿ ಒತ್ತಿ ಹಿಡಿದಳು. ಕೋಲು ಎತ್ತಿಕೊಟ್ಟದ್ದು ಅವಳೇ. ರಸ್ತೆಯ ತನಕ ಹೋಗಿ ಚನ್ನಗಿರಿ ಬಸ್ಸಿಗೆ ಕೈ ಅಡ್ಡ ಹಾಕಿದ್ದೂ ಅವಳೇ, ನಿಲ್ಸಪ್ಪ, ಕಾಲಿಲ್ಲದೋರು ಅದಾರೆ.

ತಿರುಗಿ ಬಂದು ಅವಳು ನೋಡಿದಾಗ ಉಚ್ಚಂಗೆಪ್ಪ ನಿಂತಲ್ಲೇ ನಿಂತಿದ್ದ. ನೀವ್ಯಾಕೆ ಹಿಂಗೆ ನಿಂತೀರಿ, ನಿಮ್ದೇನೈತೆ ತಪ್ಪು ಅಂದಳು, ಹೋಗುತ್ತ ಅವನ ಹೆಗಲ ಮೇಲಿನ ಇದ್ದಿಲ ಧೂಳು ಒರೆಸಿ ಹೋದಳು, ನಾಲ್ಕು ತಿಂಗಳಲ್ಲಿ ಅವಳು ಮುಟ್ಟಿದ್ದು ಅದೇ ಮೊದಲು, ಅಕ್ಕಿ ಕೇರುವ ಸದ್ದು ಒಳಗಿನಿಂದ ಶುರುವಾಯಿತು. ಅವನು ಅರ್ಧ ಬ್ಲೇಡನ್ನು ಕುಲುಮೆಗೆ ಹಾಕಿ ಗಾಳಿಚಕ್ರ ತಿರುಗಿಸಿದ, ತಿರುಗಿಸಲು ಇನ್ನೊಬ್ಬ ಬೇಕು, ಒಂದು ಕೈಯಲ್ಲಿ ಇಕ್ಕಳ ಒಂದು ಕೈಯಲ್ಲಿ ಚಕ್ರ, ಕೆಂಪಾಯಿತು, ಕಿತ್ತಳೆಯಾಯಿತು, ಉಳಿ ಮಾಡಬಹುದು ಇದರಿಂದ, ಒಳ್ಳೆಯ ಉಕ್ಕು, ಎಲ್ಲರೂ ಮುರಿದ ಬ್ಲೇಡಿನಿಂದ ಉಳಿಯೇ ಮಾಡುವುದು, ಎತ್ತಿ ಬಡಿಗಲ್ಲಿನ ಮೇಲೆ ಇಟ್ಟ, ಸುತ್ತಿಗೆ ಎತ್ತಿದ, ಬಡಿಯಲಿಲ್ಲ, ಇಳಿಸಿದ. ಕೆಂಪು ಆರುತ್ತಿದೆ, ಅಂಚಿನಿಂದ ಒಳಕ್ಕೆ ಬೂದು ಬರುತ್ತಿದೆ, ಬಿಳಿ ಹರಳು ಒಂದೂ ಉಳಿದಿಲ್ಲ, ಮುರಿದ ಬಾಯಿ ಈಗ ಪೂರ್ತಿ ಕಪ್ಪು, ಯಾರು ನೋಡಿದರೂ ಕಪ್ಪು ಕಬ್ಬಿಣ ಅಷ್ಟೇ, ಆದರೂ ಅಲ್ಲಿ ಮೂಲೆಯಲ್ಲಿ, ಆ ಕಪ್ಪಿನೊಳಗೆ ಅದಕ್ಕಿಂತ ಕಪ್ಪಗೆ, ಹುಣಸೆಬೀಜದಷ್ಟು — ಹೋದದ್ದು ಬ್ಲೇಡು, ಹತ್ತರಲ್ಲಿ ಒಂದು. ಕಾಲು, ಎರಡರಲ್ಲಿ ಒಂದು. ಗಿಡ್ಡಮ್ಮನ ತಮ್ಮ, ಇದ್ದ ಒಬ್ಬನಲ್ಲಿ ಒಬ್ಬ.